ಒಡೆಯಬೇಕಾಗಿದ್ದ ಗಾಜು

ನನ್ನ ದೊಡ್ಡಪ್ಪನಿಗೆ ಗಾಜಿನ ಕೆಲಸ ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ನಾಲ್ಕು ಮಹಡಿಯ ಹಳೆಯ ಕಟ್ಟಡ ನಮ್ಮದು. ನೆಲಮಟ್ಟದಲ್ಲಿ ಅವರ ಅಂಗಡಿ, ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ದೊಡ್ಡಪ್ಪ ಗಾಜು ಕೊಯ್ಯುವ ವಜ್ರದ ಕಡ್ಡಿಯನ್ನು ಯಾವಾಗಲೂ ಕಿವಿಯ ಮೇಲೆ ಸಿಕ್ಕಿಸಿಕೊಂಡಿರುತ್ತಿದ್ದರು. ಅದರಿಂದಾಗಿ ಕಟ್ಟಡದವರಿಗೆಲ್ಲ ಅವರು ವಜ್ರಣ್ಣ.

"ಕಿವಿಗೆ ವಜ್ರ ಹಾಕ್ಕೊಂಡು ಓಡಾಡೋ ಗಂಡಸು ಈ ಬೀದೀಲಿ ನೀನೊಬ್ಬನೇ ಕಣಣ್ಣ," ಎಂದು ಮೊದಲ ಮಹಡಿಯ ಟೈಲರ್ ದಿನಾ ಒಮ್ಮೆಯಾದರೂ ಹೇಳುತ್ತಿದ್ದ.

"ಕುತ್ತಿಗೆಗೆ ಟೇಪು ಸುತ್ಕೊಂಡಿರೋನು ನೀನೊಬ್ಬನೇ. ಒಂದು ದಿನ ಅದರಲ್ಲೇ ನೇತಾಡ್ತೀಯ ನೋಡು," ಎಂದು ದೊಡ್ಡಪ್ಪ ಹೇಳುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಈ ಮಾತು ದಿನಾ ಒಂದೇ. ಆದರೂ ನಗು ಬರುತ್ತಿತ್ತು.

ದೊಡ್ಡಪ್ಪನ ಕೆಲಸಕ್ಕೆ ಒಂದು ನಿಯಮವಿತ್ತು. ಗಾಜನ್ನು ಚೌಕಟ್ಟಿಗೆ ಬಿಗಿಯಾಗಿ ಕೂರಿಸಬಾರದು. ಬಿಸಿಲಿಗೆ, ತೇವಕ್ಕೆ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಗಾಜು ಅದರ ಜೊತೆ ಹಿಗ್ಗುವುದಿಲ್ಲ, ಒಡೆಯುತ್ತದೆ. ಆದ್ದರಿಂದ ಸುತ್ತಲೂ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟು, ಅಲ್ಲಿ ರಬ್ಬರಿನ ಹಾಗೆ ಎಳೆದರೆ ಬರುವ ಸಿಲಿಕೋನ್ ಅಂಟು ತುಂಬುತ್ತಿದ್ದರು. "ಗಾಜಿಗೆ ಉಸಿರಾಡೋಕೆ ಜಾಗ ಬಿಡಬೇಕು. ಬಿಗಿ ಹಿಡಿದ್ರೆ ಗಾಜೂ ಉಳಿಯಲ್ಲ, ಹೆಂಡತೀನೂ ಉಳಿಯಲ್ಲ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು.

ಒಮ್ಮೆ ದೊಡ್ಡಮ್ಮ ಊಟದ ಡಬ್ಬಿ ತಂದವರು ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡರು. "ರೀ, ಹೆಂಡತಿ ವಿಷಯ ಗಾಜಿನ ಲೆಕ್ಕಕ್ಕೆ ಸೇರಿಸ್ಬೇಡಿ. ಗಾಜು ಮೂವತ್ತು ವರ್ಷ ನಿಮಗೆ ಅಡುಗೆ ಮಾಡಿ ಹಾಕಿಲ್ಲ," ಎಂದರು. ಅಂದು ಗಿರಾಕಿಯೂ ನಕ್ಕ.

ದೊಡ್ಡಪ್ಪ ಕೂರಿಸಿದ ಗಾಜು ತಾನಾಗಿ ಒಡೆದದ್ದಿಲ್ಲ. ಇದನ್ನು ನಾನು ಅಭಿಮಾನಕ್ಕೆ ಬರೆಯುತ್ತಿಲ್ಲ. ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು.

ನಮ್ಮ ಕಟ್ಟಡದ ಪಕ್ಕದ ಖಾಲಿ ಜಾಗದಲ್ಲಿ ಯಾರೋ ದೊಡ್ಡ ಕಟ್ಟಡ ಎಬ್ಬಿಸಲು ನೆಲಮಾಳಿಗೆ ಅಗೆಯತೊಡಗಿದರು. ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಶುರುವಾದರೆ ನಮ್ಮ ಮನೆಯ ತಟ್ಟೆ ಲೋಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಹಾಗೆ ಸದ್ದು ಮಾಡುತ್ತಿದ್ದವು. ಒಂದು ತಿಂಗಳಾಗುವಷ್ಟರಲ್ಲಿ ಮೆಟ್ಟಿಲ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಿತು. ಮೊದಲ ಮಹಡಿಯಿಂದ ಮೂರನೆಯ ಮಹಡಿಯವರೆಗೆ ಕೂದಲೆಳೆಯಂತೆ ಓರೆಯಾಗಿ ಏರಿತ್ತು.

ಎಲ್ಲರೂ ಸೇರಿ ನಗರಸಭೆಗೆ ದೂರು ಕೊಟ್ಟೆವು. ಒಬ್ಬ ಇಂಜಿನಿಯರ್ ಬಂದಳು. ಚಿಕ್ಕ ವಯಸ್ಸಿನವಳು, ಕೈಯಲ್ಲಿ ಎರಡು ಫೋನು, ಎರಡೂ ಬಡಿದುಕೊಳ್ಳುತ್ತಲೇ ಇದ್ದವು. ಬಿರುಕಿನ ಮೇಲೆ ಮೂರು ಕಡೆ ಕೆಂಪು ಸೀಮೆಸುಣ್ಣದಿಂದ ಗುರುತು ಹಾಕಿದಳು.

"ಈ ಮೂರೂ ಕಡೆ ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸ್ಬೇಕು. ಗೋಡೆ ಅಲುಗಾಡಿದ್ರೆ ಗಾಜು ಒಡೆಯುತ್ತೆ. ಒಡೆದ ದಿನಾನೇ ಎಲ್ಲರೂ ಮನೆ ಖಾಲಿ ಮಾಡಿ, ನಮಗೆ ಫೋನ್ ಮಾಡಿ. ಗಾಜು ಎಲ್ಲಾದ್ರೂ ಸಿಗುತ್ತಾ ಇಲ್ಲಿ?"

ಎಲ್ಲರೂ ದೊಡ್ಡಪ್ಪನ ಕಡೆ ತಿರುಗಿದರು. ಟೈಲರ್, "ಮೇಡಂ, ಸಮುದ್ರದ ಮುಂದೆ ನಿಂತು ಉಪ್ಪು ಸಿಗುತ್ತಾ ಅಂತ ಕೇಳ್ತಿದ್ದೀರ," ಎಂದ.

"ಗಾಜು ಕೊಡೋದೇನು, ನಾನೇ ಅಂಟಿಸ್ತೀನಿ ಬಿಡಿ ಮೇಡಂ," ಎಂದರು ದೊಡ್ಡಪ್ಪ.

"ತೆಳು ಗಾಜು ಸಾಕು. ಗಟ್ಟಿಯಾಗಿ ಅಂಟಿಸಿ," ಎಂದು ಹೇಳಿ ಅವಳು ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದಳು. ಅಷ್ಟೇ ಹೇಳಿದ್ದು. ನಾನು ಅಲ್ಲೇ ಇದ್ದೆ.

ತೆಳು ಸಾಕು ಅಂದದ್ದನ್ನು ದೊಡ್ಡಪ್ಪ ಅವಳ ಸೌಜನ್ಯ ಎಂದುಕೊಂಡರು. ಕಚೇರಿಯವರು ಬಂದು ನೋಡುವ ಗಾಜು, ಫೋಟೋಗೆ ಹಾಕುವಂಥದ್ದನ್ನು ಹಾಕಿದರೆ ಮರ್ಯಾದೆಯೇ? ಐದು ಮಿಲಿ ದಪ್ಪದ ಗಾಜಿನಲ್ಲಿ ಮೂರು ಪಟ್ಟಿ ಕೊಯ್ದರು, ಯಾರ ಕೈಗೂ ತಾಗದಿರಲಿ ಎಂದು ಅಂಚು ಉಜ್ಜಿದರು. ಗಟ್ಟಿಯಾಗಿ ಅಂಟಿಸಿ ಅಂದದ್ದಕ್ಕೆ ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಸಿಲಿಕೋನ್ ಟ್ಯೂಬು ಒಡೆದು, ಎರಡೂ ತುದಿಗೆ ಧಾರಾಳವಾಗಿ ಹಚ್ಚಿ ಕೂರಿಸಿದರು. ಮೂವತ್ತು ವರ್ಷ ಹೇಗೆ ಕೂರಿಸಿದ್ದರೋ ಹಾಗೆಯೇ. ಮೂಲೆಯಲ್ಲಿ ತಾರೀಖು ಬರೆದರು.

ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿಗೆ ಇಳಿಯುವಾಗ ಮೂರೂ ಪಟ್ಟಿಗಳನ್ನು ಉಗುರಿನಿಂದ ತಟ್ಟಿ ನೋಡಿ, ಕೆಳಗೆ ನಿಂತು ಮೆಟ್ಟಿಲ ಸಂದಿನಲ್ಲಿ ಮೇಲಕ್ಕೆ ಕೂಗುತ್ತಿದ್ದರು: "ಗಾಜು ಗಟ್ಟೀ!"

ಕೂಗು ಹನ್ನೊಂದು ಮನೆಗೂ ಕೇಳಿಸುತ್ತಿತ್ತು. ನಾಲ್ಕನೆಯ ಮಹಡಿಯಲ್ಲಿ ಮಂಡಿನೋವಿನಿಂದ ಕೆಳಗಿಳಿಯಲಾಗದ ನಿವೃತ್ತ ಟೀಚರಮ್ಮ ಒಬ್ಬರೇ ಇದ್ದರು. ಅವರು ಮೆಟ್ಟಿಲ ಕಂಬಿಗೆ ಚಮಚದಿಂದ ಎರಡು ಸಲ ಬಡಿದು ಕೇಳಿಸಿತು ಎಂದು ತಿಳಿಸುತ್ತಿದ್ದರು. ಟೈಲರ್ ಆ ಕೂಗು ಕೇಳಿದ ಮೇಲೆಯೇ ಹೊಲಿಗೆ ಯಂತ್ರಗಳ ಸ್ವಿಚ್ಚು ಹಾಕುತ್ತಿದ್ದ. ತಾಯಂದಿರು ಮಕ್ಕಳಿಗೆ, "ವಜ್ರಣ್ಣ ಕೂಗಿ ಆಯ್ತು, ಇನ್ನೂ ಹಲ್ಲುಜ್ಜಿಲ್ವಾ?" ಎನ್ನುತ್ತಿದ್ದರು. ನಾವೆಲ್ಲ ಅದನ್ನು ನಂಬಿ ಬದುಕತೊಡಗಿದೆವು.

ಪಕ್ಕದ ಗುಂಡಿ ಆಳವಾಗುತ್ತಾ ಹೋಯಿತು. ನಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಕೈತಪ್ಪಿ ಬಿದ್ದರೆ ಯಾವಾಗಲೂ ಒಂದೇ ಮೂಲೆಗೆ, ಗುಂಡಿಯ ಕಡೆಯ ಮೂಲೆಗೆ ಉರುಳುತ್ತಿತ್ತು. "ಈ ಮನೇಲಿ ಈರುಳ್ಳೀನೂ ಕೆಲಸ ಕಂಡ್ರೆ ಓಡುತ್ತೆ," ಎಂದು ದೊಡ್ಡಮ್ಮ ನಗುತ್ತಿದ್ದರು. ಬಚ್ಚಲಿನ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಬಡಗಿ ಬಂದು ಕೆಳಗೆ ಕೆತ್ತಿ ಹೋದ. ಹದಿನೈದು ದಿನಕ್ಕೆ ಮತ್ತೆ ಉಜ್ಜಿತು. ಒಂದೊಂದು ಮಧ್ಯಾಹ್ನ, ಯಂತ್ರ ನಿಂತಿದ್ದಾಗಲೂ, ಗೋಡೆಯೊಳಗಿನಿಂದ ಮರಳು ಜಾರುವಂಥ ಸಣ್ಣ ಸದ್ದು ಬರುತ್ತಿತ್ತು. ಕೇಳಿದವರು, "ಗಾಜು ಗಟ್ಟಿ ಇದೆಯಲ್ಲ," ಎಂದು ತಮ್ಮ ಕೆಲಸಕ್ಕೆ ಹೊರಡುತ್ತಿದ್ದರು. ಐದು ತಿಂಗಳು ಹೀಗೇ ಕಳೆಯಿತು.

ಒಂದು ಮಂಗಳವಾರ ಟೀಚರಮ್ಮನ ಅಡುಗೆಮನೆಯ ಕಿಟಕಿ ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ಕಲ್ಲು ಬಿದ್ದಿರಲಿಲ್ಲ, ಚೆಂಡು ಬಿದ್ದಿರಲಿಲ್ಲ. ಆ ಗಾಜನ್ನು ಆರು ವರ್ಷದ ಹಿಂದೆ ಕೂರಿಸಿದ್ದು ದೊಡ್ಡಪ್ಪನೇ. ಅಳತೆ ಅವರ ಪುಸ್ತಕದಲ್ಲಿತ್ತು. ಅದರಂತೆ ಕೊಯ್ದು, ಮೇಲೆ ಹೊತ್ತು ತಂದು ಇಟ್ಟರೆ ಗಾಜು ಕೂರಲಿಲ್ಲ. ಒಂದು ಮೂಲೆ ತಗುಲಿತು, ಎದುರಿನ ಮೂಲೆಯಲ್ಲಿ ಸಂದು ಉಳಿಯಿತು.

ದೊಡ್ಡಪ್ಪ ಟೇಪು ತೆಗೆದು ಗಾಜನ್ನು ಅಳೆದರು. ಸರಿಯಿತ್ತು. ಆಮೇಲೆ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದರು. ಚೌಕಟ್ಟು ನೆಟ್ಟಗಿದ್ದರೆ ಎರಡೂ ಓರೆ ಅಳತೆ ಒಂದೇ ಬರಬೇಕು. ಹನ್ನೆರಡು ಮಿಲಿ ವ್ಯತ್ಯಾಸ ಬಂತು. ಮತ್ತೊಮ್ಮೆ ಅಳೆದರು. ಹನ್ನೆರಡೇ.

"ಏನಪ್ಪಾ, ಅಳತೆ ತಪ್ಪಾಯ್ತಾ?" ಎಂದರು ಟೀಚರಮ್ಮ. "ಪರವಾಗಿಲ್ಲ, ಲೆಕ್ಕ ತಪ್ಪೋದು ಹೊಸದೇನಲ್ಲ. ನಲವತ್ತು ವರ್ಷ ನೋಡಿದೀನಿ."

"ಅಳತೆ ತಪ್ಪಿಲ್ಲ ಟೀಚರಮ್ಮ. ಕಿಟಕಿ ತಪ್ಪಿದೆ."

ದೊಡ್ಡಪ್ಪ ಗಾಜನ್ನು ಗೋಡೆಗೆ ಒರಗಿಸಿಟ್ಟು ಮೆಟ್ಟಿಲಿಗೆ ಬಂದರು. ಎರಡನೆಯ ಮಹಡಿಯ ಪಟ್ಟಿಯ ಮುಂದೆ ಕೂತರು. ಗಾಜು ಹೊಳೆಯುತ್ತಿತ್ತು, ಒಂದು ಗೀರೂ ಇರಲಿಲ್ಲ. ಅವರು ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಗಾಜು ಮೆತ್ತಗೆ ಸರಿದು, ಬಿಟ್ಟೊಡನೆ ಹಿಂದಕ್ಕೆ ಬಂತು. ಅಡಿಯಲ್ಲಿ ಅಂಟು ಒಂದು ಕಡೆಗೆ ಎಳೆದುಕೊಂಡು ನಾರುನಾರಾಗಿತ್ತು. ಪಟ್ಟಿಯ ಕೆಳಗಿನ ಬಿರುಕಿಗೆ ಪೆನ್ಸಿಲಿನ ಮೊನೆ ಇಟ್ಟರು. ಅರ್ಧ ಪೆನ್ಸಿಲ್ ಒಳಗೆ ಹೋಯಿತು.

ಮನೆಗೆ ಬಂದು ದೊಡ್ಡಮ್ಮನ ಮುಂದೆ ಕೂತು ಅವರು ಹೇಳಿದ್ದು ಒಂದೇ ಮಾತು. "ಒಡೀಬೇಕಾಗಿದ್ದ ಗಾಜನ್ನ ನಾನು ಒಡೀದ ಹಾಗೆ ಕೂರಿಸಿದ್ದೀನಿ ಕಣೇ."

ದೊಡ್ಡಮ್ಮನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಒಲೆ ಆರಿಸಿ ಬಂದು ಎದುರಿಗೆ ಕೂತರು. ತಗ್ಗಿದ ದನಿಯಲ್ಲಿ ಹೇಳಿದರು: "ಯಾರಿಗೂ ಹೇಳ್ಬೇಡಿ. ಸುಮ್ಮನೆ ಹೋಗಿ ಅದನ್ನ ಕಿತ್ತು ತೆಳು ಗಾಜು ಹಾಕಿ. ಒಡೆದ ದಿನ ಒಡೀತು ಅನ್ನಿ. ನಿಮ್ಮ ಮಾತಿಗೆ ಎಲ್ಲರೂ ಎದ್ದು ಬರ್ತಾರೆ. ತಪ್ಪು ಒಪ್ಕೊಂಡು ಕೂತ್ರೆ ನಾಳೆಯಿಂದ ನಿಮ್ಮ ಮಾತು ಯಾರು ಕೇಳ್ತಾರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ಅದು ನಾಳೆ ಒಡೆಯುತ್ತೋ, ನಾಡಿದ್ದು ಒಡೆಯುತ್ತೋ. ಅಲ್ಲೀತನಕ ಇವರೆಲ್ಲ ಒಳಗೆ ಇರ್ತಾರಲ್ಲ?"

"ನಾವೂ ಇರ್ತೀವಿ."

"ಹೂಂ. ನಾವೂ ಇರ್ತೀವಿ," ಎಂದು ದೊಡ್ಡಪ್ಪ ಎದ್ದರು.

ಆ ಸಂಜೆ ಮನೆಮನೆಗೂ ಹೋಗಿ ನಿಜ ಹೇಳಿದರು. ಅಂಟು ತಪ್ಪು, ಗಾಜು ತಪ್ಪು, ಐದು ತಿಂಗಳು ನಾನು ಕೂಗಿದ್ದೆಲ್ಲ ತಪ್ಪು, ಇವತ್ತೇ ಹೊರಡಿ ಎಂದರು. ಜನ ಅವರ ಮುಖ ನೋಡಿದರು, ಆಮೇಲೆ ಒಡೆಯದ ಗಾಜನ್ನು ನೋಡಿದರು. ದೊಡ್ಡಮ್ಮ ಹೇಳಿದ್ದೇ ಆಯಿತು. ಒಬ್ಬರು, ವಯಸ್ಸಾಯಿತು ಪಾಪ ಎಂದರು. ಇನ್ನೊಬ್ಬರು, ಸಾಮಾನು ಕಟ್ಟಿಕೊಂಡು ಎಲ್ಲಿಗೆ ಹೋಗೋದು, ನಿಮ್ಮ ಅಂಗಡಿಗಾ ಎಂದು ಕೇಳಿದರು. ಟೈಲರಿಗೆ ಶನಿವಾರದೊಳಗೆ ನೂರಿಪ್ಪತ್ತು ಶಾಲಾ ಅಂಗಿ ಹೊಲಿದು ಮುಗಿಸಬೇಕಿತ್ತು. "ನಿನ್ನೆ ಗಟ್ಟಿ ಅಂದೆ, ಇವತ್ತು ಟೊಳ್ಳು ಅಂತೀಯ. ಯಾವುದನ್ನ ನಂಬ್ಲಿ ವಜ್ರಣ್ಣ?" ಎಂದ. ಅವನು ತಮಾಷೆಗೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ನಗರಸಭೆಗೆ ಫೋನು ಮಾಡಿದರು. ಇಂಜಿನಿಯರ್ ರಜೆಯಲ್ಲಿದ್ದಳು. ಗುಮಾಸ್ತನೊಬ್ಬ ಮಾತಾಡಿದ.

"ಗಾಜು ಒಡೆದಿದ್ಯಾ?"

"ಒಡೆದಿಲ್ಲ ಸಾರ್. ಅಂಟಿಸಿದ್ದು ತಪ್ಪು. ನಾನೇ ಅಂಟಿಸಿದ್ದು."

"ಒಡೆದಿಲ್ಲ ತಾನೇ?"

"ಅದು ಒಡೆಯಲ್ಲ ಸಾರ್, ಅದೇ ಹೇಳ್ತಿರೋದು."

"ಒಡೆಯಲ್ಲ ಅಂದ್ಮೇಲೆ ಒಳ್ಳೇದೇ ಆಯ್ತಲ್ಲ ಸ್ವಾಮಿ. ಒಡೆದ ಮೇಲೆ ಫೋನ್ ಮಾಡಿ."

ದೊಡ್ಡಪ್ಪ ಫೋನು ಇಟ್ಟು ಫೋಟೋ ಚೌಕಟ್ಟಿನ ಎರಡು ಮಿಲಿ ಗಾಜು ಕೊಯ್ದರು. ಹಳೆಯ ಪಟ್ಟಿಗಳನ್ನು ಕಿತ್ತು, ಗೋಡೆ ಕೆರೆದು, ಕಲ್ಲಿನಂತೆ ಗಟ್ಟಿಯಾಗುವ ಪ್ಲಾಸ್ಟರ್ ಕಲಸಿ ಹೊಸದನ್ನು ಕೂರಿಸಿದರು. ಉಸಿರಾಡಲು ಜಾಗ ಬಿಡದೆ ಅವರು ಕೂರಿಸಿದ ಮೊದಲ ಗಾಜುಗಳು ಅವು. ಆ ದಿನ ಮೆಟ್ಟಿಲಲ್ಲಿ ಓಡಾಡುವಾಗ ನಾವೆಲ್ಲ ಗೋಡೆಗೆ ತಾಗದಂತೆ ನಡೆದೆವು. ಉಗುರಿನಿಂದ ತಟ್ಟುವ ಧೈರ್ಯ ದೊಡ್ಡಪ್ಪನಿಗೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ನೋಡಿದಾಗ ಎರಡನೆಯ ಮಹಡಿಯ ಪಟ್ಟಿ ನಡುವೆ ತುಂಡಾಗಿತ್ತು. ಒಡೆಯುವುದನ್ನು ಯಾರೂ ನೋಡಿರಲಿಲ್ಲ. ದೊಡ್ಡಪ್ಪ ಎಲ್ಲರನ್ನೂ ಕರೆದರು. ಬಂದವರು ತುಂಡು ಗಾಜನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಕ್ಕಳು ಏನೋ ತಗುಲಿಸಿರ್ಬೇಕು," ಎಂದರು ಯಾರೋ.

ಟೈಲರ್, "ಬೇಜಾರು ಮಾಡ್ಕೋಬೇಡ ವಜ್ರಣ್ಣ. ನಿನ್ನ ಮಾತು ಯಾರೂ ಕೇಳ್ಲಿಲ್ಲ ಅಂತ ನೀನೇ ಒಂದೇಟು ಹಾಕಿದ್ಯೇನೋ?" ಎಂದ.

ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅಂಗಡಿಗೆ ಹೋಗಿ ಇನ್ನೊಂದು ಪಟ್ಟಿ ಕೊಯ್ದು ತಂದು ಟೈಲರ್ ಕೈಗೆ ಕೊಟ್ಟರು. "ನೀನೇ ಅಂಟಿಸು. ನಾಳೆ ನಿನ್ನ ಕೆಲಸ ತಂದು ಇಲ್ಲೇ ಕೂತ್ಕೊಂಡು ಮಾಡು. ನಾನು ಬೀದೀಲಿರ್ತೀನಿ, ಒಳಗೆ ಕಾಲಿಡಲ್ಲ. ನೀನು ನೋಡಿ ಹೇಳಿದ್ದನ್ನ ನಂಬ್ತೀರಲ್ಲ ಎಲ್ಲರೂ?"

ಟೈಲರ್ ಒಪ್ಪಿದ. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಅವನು ಮೊದಲೇ ಹೊಲಿದಿಟ್ಟಿದ್ದ ಅಂಗಿಗಳ ರಾಶಿಯನ್ನು ಮೆಟ್ಟಿಲ ತಿರುವಿಗೆ ತಂದು, ಗಾಜಿನ ಎದುರಿಗೆ ಸ್ಟೂಲು ಹಾಕಿಕೊಂಡು ಗುಂಡಿ ಹೊಲಿಯತೊಡಗಿದ. ದೊಡ್ಡಪ್ಪ ಅಂಗಡಿಯನ್ನೂ ತೆರೆಯದೆ ಎದುರಿನ ಫುಟ್‌ಪಾತಿನಲ್ಲಿ ನಿಂತರು. ಕೂಗಿಲ್ಲದ ಮೂರನೆಯ ಬೆಳಗು ಅದು. ಆದರೂ ಟೀಚರಮ್ಮ ಚಮಚ ಹಿಡಿದು ಕಾದರಂತೆ, ಆಮೇಲೆ ಅವರೇ ಹೇಳಿದರು. ಅವರು ದೊಡ್ಡಪ್ಪನ ಮಾತು ನಂಬಿ ಬುಧವಾರವೇ ಒಂದು ಚೀಲ ಕಟ್ಟಿಟ್ಟುಕೊಂಡಿದ್ದರು. ಅವರನ್ನು ಹೊತ್ತು ಇಳಿಸಲು ಗಟ್ಟಿಮುಟ್ಟಾದ ಇಬ್ಬರು ಬೇಕಿತ್ತು, ದೊಡ್ಡಪ್ಪನ ಜೊತೆಗೆ ಎರಡನೆಯವರು ಸಿಕ್ಕಿರಲಿಲ್ಲ.

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಟೈಲರ್ ಬೀದಿಗೆ ಬಂದ. ಸೂಜಿ ಹಲ್ಲಿನ ನಡುವೆಯೇ ಇತ್ತು. ದಾರದ ತುದಿಯಲ್ಲಿ ಒಂದು ಅಂಗಿ ನೇತಾಡುತ್ತಿತ್ತು. ಬಲಗೈಯ ಎರಡು ಬೆರಳು ಜೋಡಿಸಿ, ಬಿಡಿಸಿ ತೋರಿಸಿದ. ದೊಡ್ಡಪ್ಪ ಮುಂದೆ ಹೋಗಿ ಅವನ ಬಾಯಿಂದ ಸೂಜಿ ತೆಗೆದರು.

"ನೋಡ್ತಾ ಇದ್ದೆ ಅಣ್ಣ," ಎಂದ ಟೈಲರ್. "ಕಣ್ಣು ಅದರ ಮೇಲೇ ಇತ್ತು. ಯಾರೂ ಮುಟ್ಟಿಲ್ಲ. ಟಿಕ್ ಅಂತು. ಅಷ್ಟೇ. ಟಿಕ್ ಅಂತು."

ಆಮೇಲೆ ಮನೆಮನೆಗೂ ಓಡಿದವನು ಅವನೇ. ಅವನ ಬಾಯಿಂದ ತಮಾಷೆ ಬಿಟ್ಟು ಬೇರೆ ಮಾತು ಕೇಳಿ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರೂ ಬೇಗ ಹೊರಟರು. ಮಕ್ಕಳು ಶಾಲೆಯಲ್ಲಿದ್ದದ್ದು ಒಳ್ಳೆಯದಾಯಿತು. ಬಟ್ಟೆ, ಕಾಗದಪತ್ರ, ಔಷಧ, ಸಿಕ್ಕಿದ್ದನ್ನು ಹಿಡಿದು ಬಂದರು. ದೊಡ್ಡಮ್ಮ ಅರ್ಧ ಬೆಂದ ಅನ್ನದ ಪಾತ್ರೆಯನ್ನೇ ಹಿಡಿದು ಇಳಿದಿದ್ದರು. ಯಾಕೆ ತಂದರೆಂದು ಅವರಿಗೂ ಗೊತ್ತಿರಲಿಲ್ಲ.

ಟೀಚರಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ದೊಡ್ಡಪ್ಪ ಮತ್ತು ಟೈಲರ್ ಹೊತ್ತು ತಂದರು. ಕುರ್ಚಿ ಗೋಡೆಗೆ ತಾಗದ ಹಾಗೆ ತಿರುಗಿಸಲು ಪ್ರತಿ ತಿರುವಿನಲ್ಲೂ ನಿಲ್ಲಬೇಕಾಯಿತು. ಮೂರನೆಯ ಮಹಡಿಗೆ ಬಂದಾಗ ಗೋಡೆಯೊಳಗೆ ಏನೋ ಉದ್ದಕ್ಕೆ ಜಾರಿ ನಿಂತಿತು. ಇಬ್ಬರೂ ಕಲ್ಲಿನಂತೆ ನಿಂತುಬಿಟ್ಟರು.

"ನಿಂತ್ರೆ ಅದೂ ನಿಲ್ಲುತ್ತೆ ಅಂತ ಯಾರು ಹೇಳಿದ್ರು ನಿಮಗೆ? ನಡೀರಿ," ಎಂದರು ಟೀಚರಮ್ಮ, ತರಗತಿಯಲ್ಲಿ ಹೇಳುವ ದನಿಯಲ್ಲಿ.

ಗಾಜು ಒಡೆಯಿತೆಂದು ಫೋನು ಮಾಡಿದ ಮೇಲೆ, ರಜೆ ಮುಗಿಸಿದ್ದ ಇಂಜಿನಿಯರ್ ಮಧ್ಯಾಹ್ನ ಎರಡಕ್ಕೆ ಬಂದಳು. ಒಳಗೆ ಹೋದವಳು ಮೊದಲ ತಿರುವಿನಿಂದಲೇ ವಾಪಸು ಬಂದು ಬಾಗಿಲಿಗೆ ಹಗ್ಗ ಕಟ್ಟಿಸಿದಳು, ಗುಂಡಿಯಲ್ಲಿದ್ದವರನ್ನೂ ಮೇಲಕ್ಕೆ ಕರೆಸಿದಳು. ಆಮೇಲೆ ಒಂದು ನಮೂನೆ ತೆಗೆದು ಕೇಳಿದಳು: "ಮೊದಲ ಪಟ್ಟಿ ಯಾವುದರಲ್ಲಿ ಅಂಟಿಸಿದ್ರಿ?"

"ಪ್ಲಾಸ್ಟರಲ್ಲೇ ಮೇಡಂ," ಎಂದು ಟೈಲರ್ ನಡುವೆ ಬಾಯಿ ಹಾಕಿದ. ದೊಡ್ಡಪ್ಪನ ಅಂಗಿಯನ್ನು ಹಿಂದಿನಿಂದ ಜಗ್ಗಿದ್ದನ್ನು ನಾನು ನೋಡಿದೆ.

"ಸಿಲಿಕೋನಲ್ಲಿ," ಎಂದರು ದೊಡ್ಡಪ್ಪ. "ಐದು ಮಿಲಿ ಗಾಜು. ನಾನೇ."

ಅವಳು ತಲೆ ಎತ್ತಿ ಅವರನ್ನು ನೋಡಿದಳು. ಬರೆಯಲಿಲ್ಲ. "ಗಟ್ಟಿಯಾಗಿ ಅಂದೆ ನಾನು. ಯಾವುದರಲ್ಲಿ ಅಂತ ಹೇಳ್ಲಿಲ್ಲ. ಮತ್ತೆ ಬಂದು ನೋಡ್ಲೂ ಇಲ್ಲ," ಎಂದಳು. ಆಮೇಲೆ ಬರೆದಳು. ಏನು ಬರೆದಳೋ ನಮಗೆ ತಿಳಿಯದು.

ಕಟ್ಟಡ ಮೂರು ದಿನ ನಿಂತಿತ್ತು. ಮೂರನೆಯ ದಿನ ಕೆಲವರು, ಇಷ್ಟಕ್ಕೆ ಬೀದಿಗೆ ಬಿದ್ದೆವಾ ಎಂದು ಗೊಣಗತೊಡಗಿದ್ದರು. ಟೈಲರ್ ಮಾತ್ರ ಹಗ್ಗದ ಹತ್ತಿರಕ್ಕೂ ಹೋಗಲಿಲ್ಲ. ಯಂತ್ರಗಳು, ಹೊಲಿದ ಅಂಗಿಗಳು ಎಲ್ಲ ಒಳಗೇ ಇದ್ದವು. ಸೋಮವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಗುಂಡಿಯ ಕಡೆಯ ಗೋಡೆ ಮೊದಲು ಬಾಗಿತು. ಉಳಿದದ್ದು ಅದರ ಹಿಂದೆಯೇ, ದಣಿದವರು ಕೂತುಕೊಳ್ಳುವ ಹಾಗೆ, ಕೂತುಕೊಂಡಿತು. ಧೂಳು ಇಳಿಯಲು ಅರ್ಧ ಗಂಟೆ ಹಿಡಿಯಿತು. ಒಳಗೆ ಯಾರೂ ಇರಲಿಲ್ಲ. ಎರಡು ಸಲ ಎಣಿಸಿದೆವು.

ಈಗ ಎಲ್ಲರೂ ಒಂದೊಂದು ಕಡೆ ಇದ್ದೇವೆ. ದೊಡ್ಡಪ್ಪ ಬೇರೆಯವರ ಅಂಗಡಿಯಲ್ಲಿ ಗಾಜು ಕೊಯ್ಯುತ್ತಾರೆ. ಹಳೆಯ ನೆರೆಯವರು ಸಿಕ್ಕಿದಾಗ ಕೈ ಹಿಡಿದುಕೊಂಡು, ನೀವಿಲ್ಲದಿದ್ದರೆ ನಾವಿರುತ್ತಿರಲಿಲ್ಲ ಎನ್ನುತ್ತಾರೆ. ದೊಡ್ಡಪ್ಪ ಕೈ ಬಿಡಿಸಿಕೊಳ್ಳುತ್ತಾರೆ. ಆ ಮಾತು ಅವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ ಎಂದು ದೊಡ್ಡಮ್ಮ ಹೇಳುತ್ತಾರೆ. ಗಾಜು ಅಂಟಿಸಿದ ದಿನದಿಂದ ಟೀಚರಮ್ಮನ ಕಿಟಕಿ ಸೀಳಿದ ದಿನದವರೆಗೆ ನೂರೈವತ್ತೆರಡು ಬೆಳಗುಗಳು. ದೊಡ್ಡಪ್ಪ ಲೆಕ್ಕ ಹಾಕಿದ್ದಾರೆ. ಊಟದ ನಡುವೆ ಒಮ್ಮೊಮ್ಮೆ ತುತ್ತು ಹಿಡಿದ ಕೈ ಹಾಗೇ ನಿಲ್ಲುತ್ತದೆ. ಆಗ ಅವರು ಯಾವ ಬೆಳಗಿನಲ್ಲಿದ್ದಾರೆ ಎಂದು ನಾವು ಕೇಳುವುದಿಲ್ಲ.

ಹೋದ ವಾರ ದೊಡ್ಡಪ್ಪನೂ ನಾನೂ ಟೀಚರಮ್ಮನನ್ನು ನೋಡಲು ಅವರ ತಂಗಿಯ ಮನೆಗೆ ಹೋಗಿದ್ದೆವು. ಹೊರಡುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ, ತಲೆ ಎತ್ತದೆ ದೊಡ್ಡಪ್ಪ ಕೇಳಿಯೇಬಿಟ್ಟರು. "ಟೀಚರಮ್ಮ, ನಿಮ್ಮ ಕಿಟಕಿ ಇನ್ನೊಂದು ವಾರ ತಡವಾಗಿ ಒಡೆದಿದ್ರೆ?"

"ಹಾಗಾಗಿದ್ರೆ ಈ ಪ್ರಶ್ನೆ ನೀನು ಯಾರನ್ನ ಕೇಳ್ತಿದ್ದೆ?" ಎಂದರು ಅವರು.

ದೊಡ್ಡಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಟೀಚರಮ್ಮ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಂಗಿಯನ್ನು ಕರೆದು, ಇವರು ಇನ್ನೂ ಸ್ವಲ್ಪ ಹೊತ್ತು ಇರ್ತಾರೆ, ಮೂರು ಲೋಟ ಕಾಫಿ ಇಡು ಎಂದರು.